ಕೋಳಿ ಕೇಳಿಯೇ ಗೂಡು ಕಟ್ಟಿ: ಬ್ಯಾಂಟಮ್ ಹೇಂಟೆಗಳ ಸ್ವಭಾವ ನೋಡಿ ಸಾಕುವ ಬಗೆ

ಕೋಳಿ ಕೇಳಿ ಮಸಾಲೆ ಅರೆಯುತ್ತಾರಾ ಅಂತ ಗಾದೆ ಇದೆ. ಸಾರು ಮಾಡುವವರಿಗೆ ಅದು ಸರಿ. ಮುದ್ದಿಗೆ ಅಂತ ನಾಲ್ಕೈದು ಬ್ಯಾಂಟಮ್ ಹೇಂಟೆ ಸಾಕುವವರಿಗೆ ಮಾತ್ರ ಉಲ್ಟಾ. ಕೂರುವ ಕೋಲು ಎಷ್ಟು ಎತ್ತರ, ಮೇವಿನ ತಟ್ಟೆ ಎಷ್ಟು, ಯಾರ ಪಕ್ಕ ಯಾರು, ಇದೆಲ್ಲ ಕೋಳಿಯನ್ನು ಕೇಳಿಯೇ ಮಾಡಬೇಕು. ಕೇಳುವುದು ಅಂದರೆ ಸುಮ್ನೆ ಕೂತು ನೋಡುವುದು.

ಗೊತ್ತಿಲ್ಲದವರಿಗೆ ಒಂದು ಮಾತು. ಬ್ಯಾಂಟಮ್ ಅಂದರೆ ಗಿಡ್ಡ ಜಾತಿಯ ಕೋಳಿಗಳು. ಸೆರಾಮಾ ಅರ್ಧ ಕಿಲೋನೂ ತೂಗುವುದಿಲ್ಲ. ಸೆಬ್ರೈಟ್ ಹೇಂಟೆ ಅರ್ಧ ಕಿಲೋಗಿಂತ ಸ್ವಲ್ಪ ಜಾಸ್ತಿ. ಸಿಲ್ಕಿ ಒಂದು ಕಿಲೋ ಆಸುಪಾಸು. ಮೊಟ್ಟೆ ಚಿಕ್ಕದು, ಇಡುವುದೂ ಕಡಿಮೆ. ಲಾಭದ ಲೆಕ್ಕ ಹಾಕುವವರು ಗಿರಿರಾಜ ಕೋಳಿ ಸಾಕುವುದೇ ಒಳ್ಳೆಯದು. ಬ್ಯಾಂಟಮ್ ಸಾಕುವವರು ಸಾಕುವುದು ಅದರ ಚೆಂದಕ್ಕೆ, ಅದರ ನಡೆಗೆ. ಆ ನಡೆ ಒಂದೊಂದರದ್ದು ಒಂದೊಂದು ಥರ. ಒಂದೇ ಕಾವಿನಲ್ಲಿ ಒಡೆದ ಅಕ್ಕತಂಗಿಯರಲ್ಲಿ ಒಂದು ನಿಮ್ಮ ಮಡಿಲಿಗೆ ಹಾರಿ ಬಂದು ಕೂರುತ್ತದೆ, ಇನ್ನೊಂದು ವರ್ಷ ಕಳೆದರೂ ಕೈಗೆ ಸಿಗುವುದಿಲ್ಲ. ಕೋಳಿಯನ್ನು ತಿದ್ದಲು ಹೋಗಿ ಸುಸ್ತಾಗುವುದಕ್ಕಿಂತ ಗೂಡನ್ನು ತಿದ್ದುವುದು ಸುಲಭ. ಕೆಳಗೆ ಬರೆದಿರುವುದೆಲ್ಲ ಅದಕ್ಕಾಗಿಯೇ.

ಹೆಜ್ಜೆ 1: ತಳಿಯ ಬಗ್ಗೆ ಹೇಳಿದ್ದನ್ನು ಅರ್ಧ ಮಾತ್ರ ನಂಬಿ

ಮಾರುವವರು ಎಲ್ಲ ಕೋಳಿಯನ್ನೂ 'ತುಂಬಾ ಫ್ರೆಂಡ್ಲಿ ಸಾರ್' ಅಂತಲೇ ಮಾರುತ್ತಾರೆ. ತಳಿಗೆ ತಕ್ಕ ಗುಣ ಇರುವುದು ನಿಜ. ಸಿಲ್ಕಿ ಸಾಮಾನ್ಯವಾಗಿ ಶಾಂತ. ಅದರ ಪುಕ್ಕದ ಎಳೆಗಳು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವುದಿಲ್ಲ. ಹಾಗಾಗಿ ರೆಕ್ಕೆ ಇದ್ದರೂ ಹಾರಲು ಆಗುವುದಿಲ್ಲ. ಹಾರಲಾಗದ ಕೋಳಿ ತಪ್ಪಿಸಿಕೊಳ್ಳುವುದೂ ಕಡಿಮೆ. ಅದನ್ನೇ ನಾವು ಸಾಧು ಅಂತ ತಿಳಿಯುವುದೂ ಉಂಟು. (ಕೊಳ್ಳುವಾಗ ಕಾಲಿನ ಬೆರಳು ಎಣಿಸಿ. ಅಸಲಿ ಸಿಲ್ಕಿಗೆ ಐದು ಬೆರಳು, ಚರ್ಮ ಕಪ್ಪು.) ಪೆಕಿನ್ ಕಾಲಿನವರೆಗೂ ಪುಕ್ಕ ತುಂಬಿಕೊಂಡಿರುವ ಗುಂಡನೆಯ ಕೋಳಿ. ಇದನ್ನು ಕೊಚಿನ್ ಬ್ಯಾಂಟಮ್ ಅಂತಲೂ ಮಾರುತ್ತಾರೆ. ನಿಧಾನಸ್ಥೆ, ಮಕ್ಕಳಿರುವ ಮನೆಗೆ ನನ್ನ ಮೊದಲ ಆಯ್ಕೆ ಇದೇ. ಸೆಬ್ರೈಟ್ ಇದಕ್ಕೆ ಪೂರ್ತಿ ವಿರುದ್ಧ. 19ನೇ ಶತಮಾನದ ಮೊದಲ ಭಾಗದಲ್ಲಿ ಇಂಗ್ಲೆಂಡಿನ ಸರ್ ಜಾನ್ ಸೆಬ್ರೈಟ್ ಬೆಳೆಸಿದ ತಳಿ. ಪ್ರತಿ ಪುಕ್ಕದ ಅಂಚಿಗೂ ಕಪ್ಪು ಗೆರೆ. ನೋಡಲು ಬೊಂಬಾಟ್, ಹಿಡಿಯಲು ಹೋದರೆ ಮಾಡಿನ ಮೇಲೆ. ಓಲ್ಡ್ ಇಂಗ್ಲಿಷ್ ಗೇಮ್ ಬ್ಯಾಂಟಮ್ ಹೇಂಟೆಗಳು ಕಾದಾಟದ ಕೋಳಿಗಳ ವಂಶ, ಜಗಳದಲ್ಲಿ ಹುಂಜಕ್ಕೂ ಕಡಿಮೆ ಇಲ್ಲ. ಅವನ್ನು ಸಿಲ್ಕಿ ಜೊತೆ ಹಾಕಬೇಡಿ.

ಇಷ್ಟು ತಳಿಯ ಪಾಲು. ಉಳಿದದ್ದು ಆ ಒಂದು ಕೋಳಿಯ ಪಾಲು. ಮರಿಯಾಗಿದ್ದಾಗ ಮನುಷ್ಯರ ಕೈ ಕಂಡಿದೆಯೋ ಇಲ್ಲವೋ, ತಾಯಿ ಬೆದರು ಸ್ವಭಾವದ್ದೋ, ಮಾರುವವರ ಪಂಜರದಲ್ಲಿ ಎಷ್ಟು ದಿನ ಒತ್ತಿಕೊಂಡು ನಿಂತಿತ್ತೋ, ಇದೆಲ್ಲ ಸೇರಿ ಸ್ವಭಾವ ಆಗಿರುತ್ತದೆ. ನಮ್ಮ ಹಿತ್ತಿಲಿನಲ್ಲಿ ಸದ್ಯ ಇರುವ ಎರಡು ಸಿಲ್ಕಿಗಳಲ್ಲಿ ಮಲ್ಲಿ ಮಹಾ ಮುದ್ದು. ಬೆಳ್ಳಿ ಮಹಾ ಜಗಳಗಂಟಿ. ಬೆಳ್ಳಿಗೆ ತಾನು ಸಿಲ್ಕಿ, ಸಾಧು ಆಗಿರಬೇಕು ಅಂತ ಯಾರೂ ಹೇಳಿದ ಹಾಗಿಲ್ಲ.

ಕೊಳ್ಳುವಾಗ ಒಂದನ್ನೇ ತರಬೇಡಿ. ಮೂರಾದರೂ ಇರಲಿ. ಒಂಟಿ ಕೋಳಿಯ ಸ್ವಭಾವ ಗೊತ್ತಾಗುವುದೇ ಇಲ್ಲ, ಅದು ಬರೀ ಹೆದರಿಕೊಂಡಿರುತ್ತದೆ. ಮೊಟ್ಟೆಗೆ ಹುಂಜ ಬೇಕಿಲ್ಲ. ಮರಿ ಬೇಕಾದರೆ ಮಾತ್ರ ಬೇಕು. ಊರೊಳಗಿನ ಮನೆಯಾದರೆ ಹುಂಜದ ಕೂಗಿಗೆ ಪಕ್ಕದ ಮನೆಯವರು ಎಷ್ಟು ದಿನ ಸುಮ್ಮನಿರುತ್ತಾರೆ ಅಂತ ಮೊದಲೇ ಯೋಚಿಸಿ.

ಹೆಜ್ಜೆ 2: ಕಾಲುಂಗುರ ಹಾಕಿ, ಎರಡು ವಾರ ನೋಡಿ

ಬಣ್ಣ ಬೇರೆ ಬೇರೆ ಇದ್ದರೆ ಸರಿ. ಒಂದೇ ಬಣ್ಣದ ಮೂರು ಪೆಕಿನ್ ತಂದಿದ್ದರೆ ಬಣ್ಣದ ಪ್ಲಾಸ್ಟಿಕ್ ಕಾಲುಂಗುರ ಬೇಕೇ ಬೇಕು. ಇಲ್ಲದಿದ್ದರೆ ಯಾರು ಯಾರನ್ನು ಕುಕ್ಕಿದರು ಅನ್ನುವುದೇ ತಿಳಿಯುವುದಿಲ್ಲ. ಉಂಗುರ ಸಡಿಲ ಇರಲಿ, ಬೆಳೆಯುವ ಯಾಟೆಗೆ ಹಾಕಿದ್ದರೆ ಆಗಾಗ ಬದಲಿಸಿ. ಬಿಗಿಯಾಗಿ ಬಿಟ್ಟರೆ ಕಾಲು ಊದುತ್ತದೆ. ಹೆಸರಿಡಿ. ಹೆಸರಿಟ್ಟರೆ ನಿಮಗೇ ನೆನಪಿರುತ್ತದೆ.

ಇಡೀ ದಿನ ಕಾಯಬೇಕಿಲ್ಲ. ಬೆಳಿಗ್ಗೆ ಬಾಗಿಲು ತೆಗೆಯುವಾಗ, ಮೇವು ಹಾಕುವಾಗ, ಸಂಜೆ ಕೋಲು ಹತ್ತುವಾಗ, ಈ ಮೂರು ಹೊತ್ತು ಹತ್ತತ್ತು ನಿಮಿಷ ಸಾಕು. ಬೆಳಿಗ್ಗೆ ಯಾರು ಮೊದಲು ಹೊರಗೆ ಬರುತ್ತಾರೆ ನೋಡಿ. ಮೊದಲು ಬರುವವಳು ಯಜಮಾನಿಯೇ ಆಗಬೇಕಿಲ್ಲ. ಹೊಸ ಜಾಗಕ್ಕೆ ನುಗ್ಗುವ ಧೈರ್ಯ ಬೇರೆ, ಗುಂಪಿನಲ್ಲಿ ಜೋರು ಬೇರೆ. ಇವೆರಡನ್ನು ಕಲಸಿಕೊಳ್ಳಬೇಡಿ.

ಜೋರು ಯಾರದ್ದು ಅಂತ ಮೇವಿನ ತಟ್ಟೆಯ ಹತ್ತಿರ ಗೊತ್ತಾಗುತ್ತದೆ. ಯಾರು ಬಂದರೆ ಯಾರು ಪಕ್ಕಕ್ಕೆ ಸರಿಯುತ್ತಾರೆ ಅಂತ ನೋಡಿ. ಕುಕ್ಕುವುದೇ ಬೇಕಿಲ್ಲ, ಜೋರಿನವಳು ಕತ್ತು ನೆಟ್ಟಗೆ ಮಾಡಿ ಒಮ್ಮೆ ದಿಟ್ಟಿಸಿದರೆ ಸಾಕು. ಕೋಳಿಗಳಲ್ಲಿ ಕುಕ್ಕುವ ಸರದಿಗೆ ಒಂದು ಕ್ರಮ ಇದೆ ಅಂತ ಮೊದಲು ಬರೆದವರು ನಾರ್ವೆಯ ಥೋರ್ಲೀಫ್ ಷೆಲ್ಡೆರುಪ್-ಎಬ್ಬೆ, 1921ರಲ್ಲಿ. ಅವರು ಚಿಕ್ಕಂದಿನಿಂದಲೂ ಮನೆಯ ಕೋಳಿಗಳನ್ನು ನೋಡುತ್ತಾ ಯಾವುದು ಯಾವುದನ್ನು ಕುಕ್ಕುತ್ತದೆ ಅಂತ ಬರೆದಿಟ್ಟುಕೊಳ್ಳುತ್ತಿದ್ದರಂತೆ. ನೀವೂ ಒಂದು ಹಳೇ ನೋಟ್‌ಬುಕ್ ಇಟ್ಟುಕೊಳ್ಳಿ. ಕೆಂಚಿ ಬಂದಳು, ಮಲ್ಲಿ ಸರಿದಳು, ಇಷ್ಟು ಬರೆದರೆ ಸಾಕು. ವಾರದೊಳಗೆ ಸಾಲು ತಾನಾಗಿಯೇ ಕಾಣುತ್ತದೆ. ಸಾಲು ಯಾವಾಗಲೂ ನೇರ ಇರುವುದಿಲ್ಲ ಅನ್ನುವುದು ಇದರ ಮಜಾ. ಒಂದು ಎರಡನ್ನು ಹೆದರಿಸುತ್ತದೆ, ಎರಡು ಮೂರನ್ನು, ಆದರೆ ಮೂರು ಒಂದನ್ನು ಕಂಡರೆ ಕ್ಯಾರೇ ಅನ್ನುವುದಿಲ್ಲ.

ಸಂಜೆಯ ಹೊತ್ತು ಮಾತ್ರ ತಪ್ಪಿಸಬೇಡಿ. ಕೋಳಿಗೆ ಮಬ್ಬುಗತ್ತಲಲ್ಲಿ ಕಣ್ಣು ಅಷ್ಟಾಗಿ ಕಾಣುವುದಿಲ್ಲ, ಹಾಗಾಗಿ ಬೆಳಕು ಪೂರ್ತಿ ಹೋಗುವ ಮೊದಲೇ ಜಾಗ ಹಿಡಿಯುವ ಗಡಿಬಿಡಿ. ನಮ್ಮಲ್ಲಿ ಕೆಂಚಿ, ಅಂದರೆ ಸೆಬ್ರೈಟ್, ಎಲ್ಲರಿಗಿಂತ ಮೊದಲು ಮೇಲಿನ ಕೋಲಿನ ಗೋಡೆ ಕಡೆಯ ತುದಿಗೆ ಹಾರುತ್ತಾಳೆ. ಬಸ್ ಸೀಟಿಗೆ ಟವೆಲ್ ಹಾಕಿದ ಹಾಗೆ. ಆಮೇಲೆ ಅಲ್ಲಿಂದ ಇಳಿದು ಎರಡು ಗುಟುಕು ನೀರು ಕುಡಿದು ಮತ್ತೆ ಹತ್ತುತ್ತಾಳೆ. ಅಷ್ಟರೊಳಗೆ ಬೇರೆ ಯಾರಾದರೂ ಅಲ್ಲಿ ಕೂತಿದ್ದರೆ ಕುಕ್ಕುವುದಿಲ್ಲ. ಪಕ್ಕದಲ್ಲಿ ಕೂತು ಮೈಯಿಂದ ಒತ್ತುತ್ತಾಳೆ, ಒತ್ತುತ್ತಲೇ ಇರುತ್ತಾಳೆ, ಕೂತಿದ್ದವಳು ಒಂದೊಂದೇ ಹೆಜ್ಜೆ ಸರಿಯುತ್ತಾ ಸರಿಯುತ್ತಾ ಕೊನೆಗೆ ಕೋಲಿನ ಇನ್ನೊಂದು ತುದಿಗೆ ಹೋಗುತ್ತಾಳೆ. ಗಲಾಟೆಯೇ ಇಲ್ಲ. ಪೆಕಿನ್ ಗುಂಡಿ ಇದನ್ನೆಲ್ಲ ಕೆಳಗಿನಿಂದ ನೋಡುತ್ತಾ ನಿಂತಿದ್ದು, ಎಲ್ಲರೂ ಕೂತ ಮೇಲೆ ಕೆಳಗಿನ ಕೋಲಿಗೆ ಹತ್ತುತ್ತಾಳೆ. ಯಾರ ತಂಟೆಯೂ ಅವಳಿಗೆ ಬೇಡ. ಹಗಲೆಲ್ಲ ನೋಡಿದರೂ ಇಷ್ಟು ತಿಳಿಯುವುದಿಲ್ಲ.

ಹೆಜ್ಜೆ 3: ಎರಡು ಸಣ್ಣ ಪರೀಕ್ಷೆ

ಮೊದಲನೆಯದು, ಹೊಸ ವಸ್ತು. ಅಂಗಳದಲ್ಲಿ ಅವು ಹಿಂದೆ ನೋಡದ ಏನಾದರೂ ಇಡಿ. ಬಕೆಟ್ಟು, ಬೋರಲು ಹಾಕಿದ ಬುಟ್ಟಿ, ಹಳೇ ಹೆಲ್ಮೆಟ್, ಏನಾದರೂ ಸರಿ. ದೂರ ನಿಂತು ನೋಡಿ. ಕೋಳಿಗಳ ಮೇಲೆ ಅಧ್ಯಯನ ಮಾಡುವವರೂ ಇದೇ ಪರೀಕ್ಷೆ ಮಾಡುತ್ತಾರೆ. ಒಬ್ಬಳು ನೇರ ಬಂದು ಕುಕ್ಕಿ ನೋಡುತ್ತಾಳೆ. ಒಬ್ಬಳು ಕತ್ತು ಉದ್ದ ಮಾಡಿ, ಒಂದು ಕಣ್ಣಿನಿಂದ ಒಮ್ಮೆ, ಇನ್ನೊಂದು ಕಣ್ಣಿನಿಂದ ಒಮ್ಮೆ ನೋಡುತ್ತಾ ಸುತ್ತು ಹಾಕುತ್ತಾಳೆ. ಇನ್ನೊಬ್ಬಳು ಆ ದಿನ ಆ ಕಡೆಗೇ ಬರುವುದಿಲ್ಲ. ಈ ಮೂರನೆಯವಳು ಇದ್ದರೆ ಗೂಡಿನಲ್ಲಿ ಏನೇ ಬದಲಾವಣೆ ಇದ್ದರೂ ಒಂದೊಂದಾಗಿ ಮಾಡಿ. ತಟ್ಟೆ, ನೀರಿನ ಪಾತ್ರೆ, ಕೋಲು ಎಲ್ಲವನ್ನೂ ಒಂದೇ ದಿನ ಬದಲಿಸಿದರೆ ಅವಳು ಮೇವು ಬಿಡುತ್ತಾಳೆ.

ಎರಡನೆಯದು, ಕೈ. ನೆಲದ ಮೇಲೆ ಕೂತುಕೊಳ್ಳಿ. ಅಂಗೈಯಲ್ಲಿ ನುಚ್ಚು ಇಟ್ಟುಕೊಂಡು ಕೈ ನೆಲಕ್ಕೆ ತಾಗಿಸಿ. ಅಲ್ಲಾಡಬೇಡಿ. ಯಾರು ಎಷ್ಟು ಹತ್ತಿರ ಬಂದರು ಅಂತ ಬರೆದಿಟ್ಟುಕೊಳ್ಳಿ, ಅಷ್ಟೇ. ಹಿಡಿಯಲು ಹೋಗಬೇಡಿ. ಇದು ಪರೀಕ್ಷೆ, ಬಲೆ ಅಲ್ಲ.

ಇನ್ನೊಂದು 'ಪರೀಕ್ಷೆ' ಮೊಬೈಲ್ ವಿಡಿಯೊಗಳಲ್ಲಿ ಓಡಾಡುತ್ತಿರುತ್ತದೆ. ಕೋಳಿಯನ್ನು ಮಗ್ಗುಲಾಗಿಸಿ ಒತ್ತಿ ಹಿಡಿದು ಕೈ ಬಿಟ್ಟರೆ ಅದು ಅಲ್ಲಾಡದೆ ಬಿದ್ದಿರುತ್ತದೆ. ವಶೀಕರಣ ಅಂತ ನಗುತ್ತಾರೆ. ಅದು ವಶೀಕರಣ ಅಲ್ಲ, ವಿಪರೀತ ಭಯ. ಹಿಡಿದ ಪ್ರಾಣಿ ಸತ್ತಿತು ಅಂತ ಬಿಟ್ಟು ಹೋಗಲಿ ಅನ್ನುವ ಕೊನೆಯ ಉಪಾಯ. ಸುಮ್ನೆ ಮಜಾಕ್ಕೆ ಮಾಡಬೇಡಿ.

ಹೆಜ್ಜೆ 4: ಸ್ವಭಾವಕ್ಕೆ ತಕ್ಕ ಹಾಗೆ ಗೂಡು

ಅಳತೆ ಮೊದಲು ಹೇಳಿಬಿಡುತ್ತೇನೆ. ಬ್ಯಾಂಟಮ್‌ಗೆ ಗೂಡಿನೊಳಗೆ ತಲಾ 2 ಚದರ ಅಡಿ, ಹೊರಗೆ ತಲಾ 4 ಚದರ ಅಡಿಗೆ ಕಡಿಮೆ ಬೇಡ, ಜಾಸ್ತಿ ಇದ್ದಷ್ಟೂ ಒಳ್ಳೆಯದು. ಮೂರ್ನಾಲ್ಕು ಹೇಂಟೆಗೆ ಒಂದು ಮೊಟ್ಟೆ ಪೆಟ್ಟಿಗೆ. ಅರ್ಧ ಇಂಚಿನ ವೆಲ್ಡ್ ಮೆಷ್ ಹಾಕಿಸಿ, ಮೇಲೂ ಮುಚ್ಚಿಸಿ. ಮುಂಗುಸಿ, ಬೆಕ್ಕು, ಕೇರೆ ಹಾವು, ಗಿಡುಗ, ಎಲ್ಲಕ್ಕೂ ಬ್ಯಾಂಟಮ್ ಅಂದರೆ ಒಂದು ತುತ್ತು.

ಹಾರುವವಳು. ಸೆಬ್ರೈಟ್ ಥರದವರಿಗೆ ನಾಲ್ಕೈದು ಅಡಿ ಎತ್ತರದ ಕೋಲು ಕೊಡಿ. ಎತ್ತರ ಸಿಕ್ಕರೆ ಅವಳ ಅರ್ಧ ಗಾಬರಿ ಕಡಿಮೆ ಆಗುತ್ತದೆ. ಕೆಳಗೆ ಕೂಡಿ ಹಾಕಿದರೆ ಗೂಡಿನ ಜಾಲರಿಗೆ ತಲೆ ಹೊಡೆದುಕೊಳ್ಳುತ್ತಾಳೆ. ಅವಳಿಂದ ಮುದ್ದು ನಿರೀಕ್ಷಿಸಬೇಡಿ. ಅವಳು ಗುಂಪಿನ ಕಾವಲು. ಆಕಾಶದಲ್ಲಿ ಗಿಡುಗ ಕಂಡರೆ ಮೊದಲು ಕೂಗುವವಳು ಇಂಥವಳೇ. ಗಿಡುಗಕ್ಕೆ ಸಣ್ಣನೆಯ ಎಳೆದ ಕೂಗು. ನೆಲದ ಮೇಲೆ ಬೆಕ್ಕೋ ನಾಯಿಯೋ ಬಂದರೆ ಕೊಕ್ ಕೊಕ್ ಕೊಕಾಕ್ ಅಂತ ಬಿಟ್ಟು ಬಿಟ್ಟು ಕೂಗು. ಎರಡೂ ಬೇರೆ. ಒಮ್ಮೆ ಕಿವಿಗೆ ಬಿದ್ದರೆ ಒಲೆ ಮುಂದೆ ಇದ್ದರೂ ಹಿತ್ತಿಲಿಗೆ ಏನು ಬಂದಿದೆ ಅಂತ ಗೊತ್ತಾಗುತ್ತದೆ.

ಯಜಮಾನಿ. ಇವಳಿಂದ ತೊಂದರೆ ಇಲ್ಲ. ಸಣ್ಣಗೆ ಒಂದು ಕುಕ್ಕು, ಮುಗಿಯಿತು. ಇವಳು ಇದ್ದರೆ ಉಳಿದವರ ಜಗಳವೂ ಕಡಿಮೆ. ಹುಂಜ ಇಲ್ಲದ ಗುಂಪಿನಲ್ಲಿ ಕೆಲವೊಮ್ಮೆ ಯಜಮಾನಿ ಹುಂಜದ ಹಾಗೆ ಕೂಗಲು ಶುರು ಮಾಡುತ್ತಾಳೆ. ಹೇಂಟೆ ಕೂಗಿದರೆ ಮನೆಗೆ ಕೇಡು ಅಂತ ಹಿರಿಯರು ಕುಯ್ಯಲು ಹೇಳುತ್ತಾರೆ. ಏನೂ ಕೇಡಿಲ್ಲ. ಕೆಲವೊಮ್ಮೆ ಅದು ಬರೀ ಜೋರು. ಕೆಲವೊಮ್ಮೆ ಅಂಡಾಶಯಕ್ಕೆ ತೊಂದರೆಯಾಗಿ ಹಾರ್ಮೋನು ಬದಲಾಗಿರುತ್ತದೆ. ಮೊಟ್ಟೆಯನ್ನೂ ನಿಲ್ಲಿಸಿ, ತಲೆಯ ಮೇಲಿನ ಮಾಂಸದ ಜುಟ್ಟೂ ದೊಡ್ಡದಾಗುತ್ತಿದ್ದರೆ ಪಶುವೈದ್ಯರಿಗೆ ತೋರಿಸಿ.

ಕಾಟ ಕೊಡುವವಳು. ಇವಳು ಯಜಮಾನಿ ಅಲ್ಲ. ಹೆಚ್ಚಾಗಿ ಸಾಲಿನಲ್ಲಿ ಎರಡನೆಯವಳೋ ಮೂರನೆಯವಳೋ ಆಗಿರುತ್ತಾಳೆ. ಒಬ್ಬಳನ್ನೇ ಹಿಡಿದು ಅಟ್ಟಾಡಿಸುವುದು, ಪುಕ್ಕ ಕೀಳುವುದು, ತಟ್ಟೆಗೆ ಬರಲು ಬಿಡದೆ ಇರುವುದು ಇವಳ ಕೆಲಸ. ಮೊದಲು ಗೂಡನ್ನೇ ಅನುಮಾನಿಸಿ. ಜಾಗ ಕಡಿಮೆಯಾ, ತಟ್ಟೆ ಒಂದೇ ಇದೆಯಾ, ಹೇನು ಆಗಿದೆಯಾ, ಮೇವಿನಲ್ಲಿ ಬರೀ ಅಕ್ಕಿ ನುಚ್ಚೇ ಇದೆಯಾ? ಪ್ರೋಟೀನು ಸಾಲದಿದ್ದರೆ ಕೋಳಿ ಕೋಳಿಯ ಪುಕ್ಕ ತಿನ್ನಲು ಕಲಿಯುತ್ತದೆ. ಎರಡು ತಟ್ಟೆ, ಎರಡು ನೀರಿನ ಪಾತ್ರೆ ಇಡಿ. ಒಂದರ ಹತ್ತಿರ ನಿಂತರೆ ಇನ್ನೊಂದು ಕಾಣದಷ್ಟು ದೂರದಲ್ಲಿ, ಮಧ್ಯೆ ಒಂದು ಹಲಗೆಯೋ ಗಿಡವೋ ಅಡ್ಡ ಇರಲಿ. ಸೊಪ್ಪಿನ ಕಟ್ಟನ್ನು ಕತ್ತು ಚಾಚಿದರೆ ಸಿಗುವ ಎತ್ತರಕ್ಕೆ ನೇತುಹಾಕಿ, ಕೊಕ್ಕಿಗೆ ಕೆಲಸ ಸಿಗುತ್ತದೆ.

ಇಷ್ಟಾದರೂ ನಿಲ್ಲದಿದ್ದರೆ ಕಾಟ ಕೊಡುವವಳನ್ನೇ ಮೂರ್ನಾಲ್ಕು ದಿನ ಬೇರೆ ಇಡಿ. ಪೆಟ್ಟು ತಿಂದವಳನ್ನು ಅಲ್ಲ. ಎಲ್ಲರೂ ಮಾಡುವುದು ಇದಕ್ಕೆ ಉಲ್ಟಾ. ಪಾಪ ಅಂತ ಪೆಟ್ಟು ತಿಂದವಳನ್ನು ಹೊರಗೆ ತೆಗೆಯುತ್ತಾರೆ. ಅವಳು ವಾಪಸ್ ಬರುವಾಗ ಪೂರ್ತಿ ಹೊಸಬಳಾಗಿ ಇನ್ನೂ ಜಾಸ್ತಿ ತಿನ್ನುತ್ತಾಳೆ. ಕಾಟ ಕೊಡುವವಳನ್ನು ತೆಗೆದರೆ ಅವಳಿಲ್ಲದೆ ಸಾಲು ಮತ್ತೆ ಕಟ್ಟಿಕೊಳ್ಳುತ್ತದೆ, ಮರಳಿ ಬಂದಾಗ ಹಳೇ ಜೋರು ನಡೆಯುವುದಿಲ್ಲ. ಒಂದೇ ಒಂದು ವಿನಾಯಿತಿ: ರಕ್ತ ಬಂದಿದ್ದರೆ ಗಾಯ ಆದವಳನ್ನು ತಕ್ಷಣ ತೆಗೆಯಿರಿ. ಕೆಂಪು ಕಂಡರೆ ಮುದ್ದು ಸ್ವಭಾವದವಳೂ ಕುಕ್ಕುತ್ತಾಳೆ. ಗಾಯ ತೊಳೆದು, ಒಣಗಿ, ಕೆಂಪು ಕಾಣದಂತೆ ಆದ ಮೇಲೆ ಬಿಡಿ.

ಅಂಜುಬುರುಕಿ. ಇವಳ ವಿಷಯದಲ್ಲಿ ಒಂದು ಕ್ಷಣ ನಿಲ್ಲಿ, ಯಾಕೆಂದರೆ ಅಂಜಿಕೆ ಅಂತ ನಾವು ತಿಳಿದದ್ದು ಕೆಲವೊಮ್ಮೆ ಅಂಜಿಕೆಯೇ ಆಗಿರುವುದಿಲ್ಲ. ಮಲ್ಲಿ ಮೊದಲು ಹೇಗಿದ್ದಳು ಅಂದರೆ ಯಾರಾದರೂ ಹತ್ತಿರ ಹೋದರೆ ಬೆಚ್ಚಿಬಿದ್ದು ಗೋಡೆಗೆ ಡಿಕ್ಕಿ ಹೊಡೆಯುತ್ತಿದ್ದಳು. ತಟ್ಟೆಯ ಮುಂದೆಯೇ ನಿಂತು ತಟ್ಟೆ ಹುಡುಕುತ್ತಿದ್ದಳು. ನೆಲಕ್ಕೆ ಮೂರು ಸಲ ಕುಕ್ಕಿದರೆ ಒಂದು ಕಾಳು ಸಿಗುತ್ತಿತ್ತು. ಸಿಲ್ಕಿಯ ತಲೆಯ ಪುಕ್ಕದ ಜುಟ್ಟು ಬೆಳೆದು ಕಣ್ಣು ಮುಚ್ಚಿತ್ತು, ಅಷ್ಟೇ. ಒಬ್ಬರು ಟವೆಲ್‌ನಲ್ಲಿ ಸುತ್ತಿ ಹಿಡಿದುಕೊಂಡೆವು, ಇನ್ನೊಬ್ಬರು ತುದಿ ಮೊಂಡಾದ ಕತ್ತರಿಯಿಂದ ಕಣ್ಣಿನ ಸುತ್ತ ಒಂದು ಬೆರಳಗಲ ಬಿಡಿಸಿದೆವು. ಕೆಳಗೆ ಬಿಟ್ಟಾಗ ಅವಳು ಸ್ವಲ್ಪ ಹೊತ್ತು ನಿಂತಲ್ಲೇ ನಿಂತಳು. ಆಮೇಲೆ ನೇರ ಕೆಂಚಿಯ ತಟ್ಟೆಗೆ ಹೋಗಿ ಬಾಯಿ ಹಾಕಿದಳು. ಕತ್ತರಿಸುವಾಗ ಒಂದು ಎಚ್ಚರ: ಹೊಸದಾಗಿ ಮೂಡುತ್ತಿರುವ ಪುಕ್ಕದ ಬುಡದಲ್ಲಿ ರಕ್ತ ಇರುತ್ತದೆ, ನೀಲಿ ಕಪ್ಪಗೆ ಕೊಳವೆ ಥರ ಕಾಣುತ್ತದೆ, ಅದನ್ನು ಮುಟ್ಟಬೇಡಿ. ಕತ್ತರಿಸಲು ಮನಸ್ಸಿಲ್ಲದಿದ್ದರೆ ಜುಟ್ಟನ್ನು ಮೇಲಕ್ಕೆ ಸೇರಿಸಿ ಸಣ್ಣ ರಬ್ಬರ್ ಬ್ಯಾಂಡ್ ಹಾಕಬಹುದು. ಆದರೆ ಉಳಿದ ಕೋಳಿಗಳು ಅದನ್ನು ಹುಳ ಅಂತ ಕುಕ್ಕುತ್ತವೆ. ಕತ್ತರಿಯೇ ವಾಸಿ.

ನಿಜವಾಗಿಯೂ ಅಂಜುವವಳಿಗೆ ಬಚ್ಚಿಟ್ಟುಕೊಳ್ಳಲು ಜಾಗ ಕೊಡಿ. ಎರಡೂ ಕಡೆ ಬಾಯಿ ಇರುವ ಜಾಗ. ಒಂದೇ ಬಾಯಿ ಇದ್ದರೆ ಒಳಗೆ ಹೋಗಿ ಸಿಕ್ಕಿಹಾಕಿಕೊಂಡು ಪೆಟ್ಟು ತಿನ್ನುತ್ತಾಳೆ. ಗೋಡೆಗೆ ಒರಗಿಸಿದ ಒಂದು ಹಲಗೆ ಸಾಕು.

ಕಾವಿನವಳು. ಸಿಲ್ಕಿ, ಪೆಕಿನ್ ಎರಡೂ ಕಾವಿಗೆ ಕೂರುವುದರಲ್ಲಿ ನಿಸ್ಸೀಮರು. ಸೆಬ್ರೈಟ್ ಆ ಉಸಾಬರಿಗೆ ಹೋಗುವುದು ಕಡಿಮೆ. ನಿನ್ನೆವರೆಗೆ ಮಡಿಲಲ್ಲಿ ಮಲಗುತ್ತಿದ್ದವಳು ಇವತ್ತು ಪೆಟ್ಟಿಗೆಯಲ್ಲಿ ಚಪ್ಪಟೆಯಾಗಿ ಕೂತು, ಪುಕ್ಕ ಎಬ್ಬಿಸಿ, ಗುರ್ ಅಂದು ಕೈ ಕುಕ್ಕಿದರೆ ಸ್ವಭಾವ ಕೆಟ್ಟಿತು ಅಂತ ತಿಳಿಯಬೇಡಿ. ಪ್ರೊಲ್ಯಾಕ್ಟಿನ್ ಅನ್ನುವ ಹಾರ್ಮೋನು ಏರಿದೆ, ಅಷ್ಟೇ. ಹೊಟ್ಟೆಯ ಅಡಿ ಪುಕ್ಕ ಉದುರಿ ಬಿಸಿಯಾಗಿರುತ್ತದೆ. ದಿನಕ್ಕೆ ಒಂದು ಸಲವೋ ಎರಡು ಸಲವೋ ಮಾತ್ರ ಇಳಿದು, ಗಬಗಬ ತಿಂದು, ದೊಡ್ಡದಾಗಿ ನಾರುವ ಹಿಕ್ಕೆ ಹಾಕಿ ವಾಪಸ್ ಓಡುತ್ತಾಳೆ.

ಮರಿ ಬೇಕಾದರೆ ಕೂರಿಸಿ. ಬುಟ್ಟಿಗೆ ಹುಲ್ಲು ಹಾಸಿ, ಕತ್ತಲೆ ಮೂಲೆಯಲ್ಲಿ, ಉಳಿದವರಿಂದ ಬೇರೆಯಾಗಿ. ಬ್ಯಾಂಟಮ್ ಮೊಟ್ಟೆಯಾದರೆ ಆರೇಳು ಸಾಕು, ಜಾಸ್ತಿ ಇಟ್ಟರೆ ಅಂಚಿನವು ತಣ್ಣಗಾಗುತ್ತವೆ. 21 ದಿನ. ಬೇರೆ ಜಾತಿಯ ಮೊಟ್ಟೆಯನ್ನೂ ತನ್ನದೇ ಅಂತ ಕೂರುವ ಸಿಲ್ಕಿಗಳಿವೆ. ಬಾತುಕೋಳಿ ಮೊಟ್ಟೆಗೆ ಸುಮಾರು 28 ದಿನ ಬೇಕು, ಅಷ್ಟು ದಿನವೂ ಪಾಪ ಕೂರುತ್ತವೆ.

ಮರಿ ಬೇಡವಾದರೆ ಕಾವು ಬಿಡಿಸಬೇಕು, ಇಲ್ಲದಿದ್ದರೆ ವಾರಗಟ್ಟಲೆ ಕೂತು ಸೊರಗುತ್ತಾಳೆ. ಹಳ್ಳಿ ಕಡೆ ನೀರಿನಲ್ಲಿ ಅದ್ದುವುದು, ಮೂಗಿಗೆ ಪುಕ್ಕ ತೂರಿಸುವುದು ಎಲ್ಲ ಮಾಡುತ್ತಾರೆ. ದಯವಿಟ್ಟು ಬೇಡ. ತಳಕ್ಕೆ ಜಾಲರಿ ಇರುವ ಪಂಜರವನ್ನು ನಾಲ್ಕು ಇಟ್ಟಿಗೆ ಮೇಲೆ ಎತ್ತಿಟ್ಟು, ಹುಲ್ಲು ಹಾಸದೆ, ಬೆಳಕಿರುವ ಕಡೆ, ಮೇವು ನೀರು ಕೊಟ್ಟು ಇಡಿ. ಅಡಿಯಿಂದ ಗಾಳಿ ಆಡಿ ಹೊಟ್ಟೆ ತಣ್ಣಗಾಗುತ್ತದೆ. ಎರಡು ಮೂರು ದಿನಕ್ಕೆ ಹೆಚ್ಚಿನವರು ಸರಿಯಾಗುತ್ತಾರೆ. ಹೊರಗೆ ಬಿಟ್ಟಾಗ ಮತ್ತೆ ಪೆಟ್ಟಿಗೆಗೇ ಓಡಿದರೆ ಇನ್ನೂ ಒಂದೆರಡು ದಿನ ಇರಲಿ.

ಹೆಜ್ಜೆ 5: ಹೊಸಬಳನ್ನು ಸೇರಿಸುವುದು

ಹೊಸ ಕೋಳಿಯನ್ನು ಮೊದಲ ಮೂರ್ನಾಲ್ಕು ವಾರ ದೂರ ಇಡಿ, ಬೇರೆ ನೀರು, ಬೇರೆ ತಟ್ಟೆ. ಇದು ಸ್ವಭಾವಕ್ಕಲ್ಲ, ರೋಗಕ್ಕೆ. ಆಮೇಲೆ ಒಂದು ವಾರ ಜಾಲರಿಯ ಆ ಕಡೆ ಈ ಕಡೆ. ಪರಸ್ಪರ ನೋಡಲಿ, ಮುಟ್ಟುವುದು ಬೇಡ. ಹೊಸಬರು ಇಬ್ಬರಿದ್ದರೆ ಒಳ್ಳೆಯದು, ಬಯ್ಗುಳ ಹಂಚಿಹೋಗುತ್ತದೆ. ಅಂಜುಬುರುಕಿಯನ್ನು ಸೇರಿಸುವುದಾದರೆ ಅದೇ ಹೊತ್ತಿಗೆ ಕಾಟ ಕೊಡುವವಳನ್ನು ಹೊರಗೆ ಇಟ್ಟಿರಿ. ಕತ್ತಲಾದ ಮೇಲೆ ಕೋಲಿನ ಮೇಲೆ ಕೂರಿಸುವ ಹಳೇ ಉಪಾಯ ಒಂದಿದೆ. ಅದು ರಾತ್ರಿಯ ಗಲಾಟೆ ತಪ್ಪಿಸುತ್ತದೆ ನಿಜ, ಆದರೆ ಬೆಳಿಗ್ಗೆ ಎಲ್ಲರೂ ಇವಳನ್ನು ನೋಡಿಯೇ ನೋಡುತ್ತಾರೆ. ಜಾಲರಿಯ ವಾರ ಮುಗಿಸಿ ಮಾಡಿದರೆ ಮಾತ್ರ ಪ್ರಯೋಜನ, ಮತ್ತು ಬೆಳಿಗ್ಗೆ ಬೇಗ ಎದ್ದು ಬಾಗಿಲು ನೀವೇ ತೆಗೆಯಬೇಕು.

ಎರಡು ದಿನ ಕುಕ್ಕಾಟ ಇದ್ದೇ ಇರುತ್ತದೆ. ಮಧ್ಯೆ ಹೋಗಬೇಡಿ. ರಕ್ತ ಬಂದರೆ, ಅಥವಾ ಹೊಸಬಳು ಸಂಜೆವರೆಗೂ ಏನೂ ತಿನ್ನದಿದ್ದರೆ ಮಾತ್ರ ಹೋಗಿ. ತಿಂದಿದ್ದಾಳಾ ಅಂತ ತಿಳಿಯುವುದು ಸುಲಭ. ರಾತ್ರಿ ಕತ್ತಿನ ಬುಡದ ಮೇವಿನ ಚೀಲ ಮುಟ್ಟಿ ನೋಡಿ. ತಿಂದಿದ್ದರೆ ಉಬ್ಬಿರುತ್ತದೆ. ಬೆಳಿಗ್ಗೆ ಖಾಲಿ ಆಗಿರಬೇಕು.

ಹೆಜ್ಜೆ 6: ಕೈಗೆ ಒಗ್ಗಿಸುವುದು

ಎರಡು ನಿಯಮ. ಮೇಲಿನಿಂದ ಕೈ ತರಬೇಡಿ, ಕೋಳಿಗೆ ಮೇಲಿನಿಂದ ಬರುವುದೆಲ್ಲ ಗಿಡುಗ. ಅಟ್ಟಿಸಿಕೊಂಡು ಹೋಗಿ ಹಿಡಿಯಬೇಡಿ, ಹಿಡಿಯಲೇಬೇಕಾದರೆ ರಾತ್ರಿ ಕೋಲಿನ ಮೇಲಿಂದ ಎತ್ತಿಕೊಳ್ಳಿ.

ಪ್ರತಿದಿನ ಒಂದೇ ಹೊತ್ತಿಗೆ, ಒಂದೇ ಕೂಗಿನಲ್ಲಿ, ಬಾ ಬಾ ಬಾ ಅಂತ ಕರೆದು ನೆಲಕ್ಕೆ ಕೂತು ಕಾಳು ಕೊಡಿ. ಧೈರ್ಯದವಳು ಮೊದಲು ಬರುತ್ತಾಳೆ. ಅಂಜುಬುರುಕಿ ಅವಳನ್ನು ನೋಡಿ ಕಲಿಯುತ್ತಾಳೆ, ಹಾಗಾಗಿ ಧೈರ್ಯದವಳನ್ನು ಓಡಿಸಿ ಅಂಜುಬುರುಕಿಗೆ ಕೊಡಲು ಹೋಗಬೇಡಿ. ಕೈಯಲ್ಲಿ ತಿನ್ನಲು ಕಲಿತ ಮೇಲೆ ಎದೆಯ ಅಡಿ ಬೆರಳಿನಿಂದ ಮುಟ್ಟಿ. ಆಮೇಲೆ ಎತ್ತುವುದು. ಒಂದು ಅಂಗೈ ಎದೆಯ ಅಡಿ, ಇನ್ನೊಂದು ರೆಕ್ಕೆ ಒತ್ತಿಕೊಳ್ಳುವ ಹಾಗೆ ಬೆನ್ನ ಮೇಲೆ. ಕಾಲು ಹಿಡಿದು ತಲೆಕೆಳಗಾಗಿ ನೇತಾಡಿಸಬೇಡಿ. ಒದ್ದಾಡುವಾಗ ಬಿಟ್ಟುಬಿಟ್ಟರೆ ಒದ್ದಾಡಿದರೆ ಬಿಡುತ್ತಾರೆ ಅಂತ ಕಲಿಯುತ್ತಾಳೆ. ಮೈ ಸಡಿಲ ಬಿಟ್ಟ ಕ್ಷಣ ನೋಡಿ ಕೆಳಗಿಳಿಸಿ.

ಕಾಳಿನ ಆಸೆ ಜಾಸ್ತಿ ತೋರಿಸಬೇಡಿ. ಇಷ್ಟು ಸಣ್ಣ ಮೈಗೆ ಒಂದು ಹಿಡಿ ಅನ್ನವೇ ಹೆಚ್ಚು, ಮೊಟ್ಟೆ ಇಡುವವರ ಮೇವೇ ಮುಖ್ಯ ಊಟ ಇರಲಿ. ಉಪ್ಪು ಖಾರದ ಉಳಿಕೆ ಬೇಡ. ಮಕ್ಕಳು ಮುದ್ದು ಮಾಡಿದ ಮೇಲೆ ಸೋಪು ಹಾಕಿ ಕೈ ತೊಳೆಯಲಿ, ಕೋಳಿಗೆ ಮುತ್ತು ಕೊಡುವುದು ಬೇಡವೇ ಬೇಡ. ಸಾಲ್ಮೊನೆಲ್ಲಾ, ಅಂದರೆ ಕೋಳಿಯಿಂದ ಬರುವ ಭೇದಿಯ ರೋಗಾಣು, ತಮಾಷೆ ಅಲ್ಲ.

ಕೆಲವರು ಏನು ಮಾಡಿದರೂ ಕೈಗೆ ಬರುವುದಿಲ್ಲ. ಕೆಂಚಿ ಹಾಗೆ. ಒಂದು ಮಾರು ದೂರದಲ್ಲಿ ನಿಂತು ತಿಂದು ಹೋಗುತ್ತಾಳೆ. ಆ ಒಂದು ಮಾರು ಅವಳ ಲೆಕ್ಕ. ಅದನ್ನು ನಾನು ಒಪ್ಪಿಕೊಂಡಿದ್ದೇನೆ.

ಹೆಜ್ಜೆ 7: ಸ್ವಭಾವ ಬದಲಾದರೆ ಅನುಮಾನಿಸಿ

ಇಷ್ಟೆಲ್ಲ ನೋಡಿ ಬರೆದಿಟ್ಟುಕೊಳ್ಳುವುದರ ನಿಜವಾದ ಲಾಭ ಇಲ್ಲಿದೆ. ಕೋಳಿ ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುತ್ತದೆ. ಸೊರಗಿದ್ದು ಗೊತ್ತಾದರೆ ಉಳಿದವರು ಕುಕ್ಕುತ್ತಾರೆ ಅನ್ನುವ ಭಯ ಅದಕ್ಕೆ. ರೋಗದ ಲಕ್ಷಣ ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಎಷ್ಟೋ ಸಲ ತಡವಾಗಿರುತ್ತದೆ. ಆದರೆ ಸ್ವಭಾವ ಮೊದಲೇ ಹೇಳುತ್ತದೆ. ಯಾವಾಗಲೂ ಮೊದಲು ಬರುವವಳು ಇವತ್ತು ಕೊನೆಗೆ ಬಂದಳಾ? ಮೇಲಿನ ಕೋಲಿನವಳು ಕೆಳಗೆ ಕೂತಳಾ? ಕೈಗೇ ಬಾರದವಳು ಸುಲಭವಾಗಿ ಸಿಕ್ಕಳಾ? ಪಳಗಿದಳು ಅಂತ ಖುಷಿ ಪಡುವ ಮೊದಲು ಹಿಕ್ಕೆ ನೋಡಿ, ಮಾಂಸದ ಜುಟ್ಟಿನ ಬಣ್ಣ ನೋಡಿ, ಮೇವಿನ ಚೀಲ ಮುಟ್ಟಿ. ಹಸಿರು ಭೇದಿ, ಬಾಯಿ ತೆರೆದು ಉಸಿರಾಟ, ಕತ್ತು ತಿರುಚಿಕೊಳ್ಳುವುದು ಇದ್ದರೆ ಕೊಕ್ಕರೆ ರೋಗ (ರಾಣಿಖೇತ್) ಇರಬಹುದು. ತಕ್ಷಣ ಬೇರೆ ಮಾಡಿ ಪಶು ಆಸ್ಪತ್ರೆಗೆ ಹೋಗಿ. ಅದಕ್ಕೆ ಮದ್ದಿಲ್ಲ, ಲಸಿಕೆ ಇದೆ. ಕೋಳಿ ಚೆನ್ನಾಗಿದ್ದಾಗಲೇ ಹಾಕಿಸಿ. ಒಂದು ಕಾಲು ಮುಂದೆ ಒಂದು ಕಾಲು ಹಿಂದೆ ಚಾಚಿ ಏಳಲಾಗದೆ ಬಿದ್ದಿದ್ದರೆ ಮ್ಯಾರೆಕ್ಸ್ ಅನ್ನುವ ವೈರಸ್ ರೋಗ ಇರಬಹುದು, ಸಿಲ್ಕಿಗಳಿಗೆ ಅದು ಬರುವುದು ಜಾಸ್ತಿ. ಹೊಟ್ಟೆ ಬಿಗಿಹಿಡಿದು, ಬಾಲ ಇಳಿಬಿಟ್ಟು, ಪೆಟ್ಟಿಗೆಗೆ ಹೋಗಿ ಬಂದು ಮಾಡುತ್ತಿದ್ದರೆ ಮೊಟ್ಟೆ ಸಿಕ್ಕಿಕೊಂಡಿರಬಹುದು. ಸಣ್ಣ ಮೈಯ ಕೋಳಿಗಳಲ್ಲಿ ಇದು ನಿಜವಾದ ಅಪಾಯ, ಮರುದಿನಕ್ಕೆ ಕಾಯಬೇಡಿ.

ಎಲ್ಲ ಬದಲಾವಣೆಯೂ ರೋಗ ಅಲ್ಲ. ಪುಕ್ಕ ಉದುರಿ ಹೊಸದು ಮೂಡುವಾಗ ಮುದ್ದಿನವಳೂ ಮುಟ್ಟಿಸಿಕೊಳ್ಳುವುದಿಲ್ಲ. ಎಳೇ ಪುಕ್ಕ ಒತ್ತಿದರೆ ನೋವು. ಆಗ ಎತ್ತಬೇಡಿ, ಮೊಟ್ಟೆಯೂ ನಿಂತಿರುತ್ತದೆ, ಪ್ರೋಟೀನು ಜಾಸ್ತಿ ಕೊಡಿ. ಏಪ್ರಿಲ್ ಮೇ ಬಿಸಿಲಿಗೆ ರಾಯಚೂರು, ಕಲಬುರಗಿ ಕಡೆ ಕೋಳಿ ಬಾಯಿ ತೆರೆದು, ರೆಕ್ಕೆ ಅಗಲಿಸಿ ನಿಂತಿದ್ದರೆ ಸೆಕೆ. ನೆರಳು, ತಣ್ಣೀರು, ಒದ್ದೆ ಮಣ್ಣು ಕೊಡಿ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಸಿಲ್ಕಿ ಮೂಲೆ ಹಿಡಿದರೆ ಮೈ ನೆನೆದಿದೆ ಅಂತ ಅರ್ಥ. ಅದರ ಪುಕ್ಕ ನೀರನ್ನು ತಡೆಯುವುದಿಲ್ಲ, ನೀರು ಒಳಗೇ ಇಳಿಯುತ್ತದೆ. ಪೆಕಿನ್ ಕಾಲಿನ ಪುಕ್ಕಕ್ಕೆ ಕೆಸರು ಮೆತ್ತಿ ಗಟ್ಟಿಯಾದರೆ ನಡೆಯಲು ಕಷ್ಟ, ಸಿಡುಕು ಜಾಸ್ತಿ. ಬೆಚ್ಚಗಿನ ನೀರಲ್ಲಿ ತೊಳೆದು ಒರೆಸಿ. ಗೂಡಿನ ಒಂದು ಮೂಲೆಗೆ ಮಳೆ ತಾಗದ ಹಾಗೆ ಒಣ ಮಣ್ಣು, ಮರಳು, ಒಲೆ ಬೂದಿ ಬೆರೆಸಿ ಹಾಕಿಡಿ. ಅದರಲ್ಲಿ ಹೊರಳಾಡಲು ಸಿಗದಿದ್ದರೆ ಹೇನೂ ಜಾಸ್ತಿ, ಜಗಳವೂ ಜಾಸ್ತಿ.

ಕೊನೆಗೂ ಹೊಂದದವಳು ಒಬ್ಬಳು ಇರಬಹುದು. ಜಾಗ ಕೊಟ್ಟು, ಬೇರೆ ಇಟ್ಟು, ಎಲ್ಲ ಮಾಡಿದ ಮೇಲೂ ಒಬ್ಬಳನ್ನು ದಿನಾ ಹರಿದು ಹಾಕುತ್ತಿದ್ದರೆ ಬೇರೆ ಮನೆಗೆ ಕೊಡುವುದರಲ್ಲಿ ತಪ್ಪೇನಿಲ್ಲ. ದೊಡ್ಡ ಜಾತಿಯ ಕೋಳಿಗಳಿರುವ ಮನೆಗೆ ಹೋದರೆ ಎಷ್ಟೋ ಸಲ ಇಂಥವಳು ಸಾಲಿನ ಮಧ್ಯದಲ್ಲಿ ತೆಪ್ಪಗೆ ಇರುತ್ತಾಳೆ. ಕೊಡುವಾಗ ಅವಳ ನೋಟ್‌ಬುಕ್ ಪುಟದ ಫೋಟೊ ಕಳಿಸಿ, ಯಾವ ಲಸಿಕೆ ಯಾವಾಗ ಹಾಕಿಸಿದ್ದೀರಿ ಅನ್ನುವುದನ್ನೂ ಬರೆಯಿರಿ. ಅವಳ ಜೊತೆ ಚೆನ್ನಾಗಿರುವ ಇನ್ನೊಬ್ಬಳು ಇದ್ದರೆ ಇಬ್ಬರನ್ನೂ ಒಟ್ಟಿಗೇ ಕೊಡಿ.